ಗೋಗಿಯ ನೀರಿನಲ್ಲಿ ಯುರೇನಿಯಂ

ಅಣುಬಾಂಬ್ ಪರೀಕ್ಷೆ ಅಂದಕೂಡಲೇ ನಮಗೆ ನೆನಪಾಗೋದು ಪೋಖ್ರಾನ್. ಆದರೆ ಬಾಂಬಿನ ದಾರಿ ಶುರುವಾಗೋದು ಯುರೇನಿಯಂ ಗಣಿಯಲ್ಲಿ. ಅಮೆರಿಕದ ನವಾಹೊ ಬುಡಕಟ್ಟಿನ ನೆಲದಲ್ಲಿ 1944ರಿಂದ 1986ರವರೆಗೆ ಈ ಅದಿರು ಅಗೆದರು. ಗಣಿಗೆ ಇಳಿದ ಅನೇಕರು ಶ್ವಾಸಕೋಶದ ಕ್ಯಾನ್ಸರ್‌ನಿಂದ ಸತ್ತರು. ಅಲ್ಲಿ ಪಾಳುಬಿದ್ದ ಗಣಿಗಳೇ 500ಕ್ಕೂ ಹೆಚ್ಚು.

ಆಳಂದ, ಅಫಜಲಪುರ, ಜೇವರ್ಗಿಯವರೇ, ಇದು ದೂರದ ಮಾತಲ್ಲ. ಜೇವರ್ಗಿ ಪಕ್ಕದ ಶಹಾಪುರ ತಾಲ್ಲೂಕಿನಲ್ಲಿ ಗೋಗಿ ಇದೆ. ಅಲ್ಲಿ ಭೀಮಾ ಕಣಿವೆಯ ಸುಣ್ಣದಕಲ್ಲು ಗ್ರಾನೈಟಿಗೆ ತಾಗುವ ಬಿರುಕಿನಲ್ಲಿ ಯುರೇನಿಯಂ ಅದಿರು ಸಿಕ್ಕಿದೆ. ಗಣಿಗಾರಿಕೆಯನ್ನು ಊರವರು ವಿರೋಧಿಸಿದರು. ಅವರ ಆತಂಕ ನ್ಯಾಯವಾದದ್ದೇ. ಆ ಭಾಗದ ಅಂತರ್ಜಲದಲ್ಲಿ ಕೆಲವೆಡೆ ಈಗಾಗಲೇ ಯುರೇನಿಯಂ ಹೆಚ್ಚಿದೆ. ಬಾಂಬಿನಿಂದ ಬಂದದ್ದಲ್ಲ, ಬಂಡೆಯಿಂದಲೇ ಕರಗಿದ್ದು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಅದು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಪೆಟ್ಟು ಬೀಳೋದು ಮೂತ್ರಪಿಂಡಕ್ಕೆ. ಕುದಿಸಿದರೂ ಹೋಗಲ್ಲ, ರುಚಿಯಲ್ಲೂ ಗೊತ್ತಾಗಲ್ಲ.

ದೇಶಕ್ಕೆ ಯುರೇನಿಯಂ ಬೇಕು ಅನ್ನುವವರು ಮೊದಲು ಗೋಗಿ ಭಾಗದ ಮನೆಗಳಿಗೆ ಶುದ್ಧ ನೀರು ಕೊಡಲಿ. ನಿಮ್ಮೂರಿನ ಬೋರ್‌ವೆಲ್ ನೀರನ್ನು ಪರೀಕ್ಷೆಗೆ ಕಳಿಸುವಾಗ ಯುರೇನಿಯಂ ಕೂಡ ನೋಡಿಸಿ ಅಂತ ಗ್ರಾಮ ಪಂಚಾಯಿತಿಯನ್ನು ಕೇಳಿ.