ಎರಡನೇ ನಂಬರಿನ ಟ್ರಾಮ್ ಹತ್ತಿ

ಬುಡಾಪೆಸ್ಟ್‌ಗೆ ಹೋದವರಲ್ಲಿ ಹೆಚ್ಚಿನವರು ಡಾನ್ಯೂಬ್ ನದಿಯಲ್ಲಿ ದೋಣಿ ವಿಹಾರಕ್ಕೆ ದುಡ್ಡು ಸುರಿಯುತ್ತಾರೆ. ಅದು ಬೇಕಿಲ್ಲ. ಪೆಸ್ಟ್ ದಡದುದ್ದಕ್ಕೂ ಓಡುವ ಎರಡನೇ ನಂಬರಿನ ಹಳದಿ ಟ್ರಾಮ್‌ನಲ್ಲಿ, ದೀಪ ಹೊತ್ತುವ ಸಮಯಕ್ಕೆ, ನದಿ ಕಡೆಯ ಕಿಟಕಿ ಸಿಕ್ಕರೆ ಸಾಕು. ಆಚೆ ದಡದ ಬುಡಾ ಗುಡ್ಡ, ಅದರ ಮೇಲಿನ ಅರಮನೆ, 1849ರ ಚೈನ್ ಬ್ರಿಡ್ಜ್ ಎಲ್ಲವೂ ಮಾಮೂಲಿ ಟಿಕೆಟ್ಟಿನಲ್ಲೇ ಕಾಣುತ್ತವೆ.

ವಿಮಾನದ ಟಿಕೆಟ್ಟು, 90 ಯೂರೊ ಷೆಂಗೆನ್ ವೀಸಾ ಶುಲ್ಕ ತಪ್ಪಿದ್ದಲ್ಲ. ಊರೊಳಗಿನ ಖರ್ಚು ಮಾತ್ರ ನಮ್ಮ ಕೈಯಲ್ಲಿದೆ. ಇಲ್ಲಿ ನಡೆಯುವುದು ಯೂರೊ ಅಲ್ಲ, ಫೋರಿಂಟ್. ಊಟ, ವಸತಿ ಪ್ಯಾರಿಸ್‌ಗಿಂತ ಎಷ್ಟೋ ಅಗ್ಗ. 72 ಗಂಟೆಯ ಪಾಸ್ ಕೊಂಡರೆ ಟ್ರಾಮ್, ಮೆಟ್ರೊ, ಬಸ್ ಮೂರಕ್ಕೂ ಆಯಿತು. ಗುಡ್ಡ ಏರಲು ಹಳಿಬಂಡಿಯ ಸಾಲಿನಲ್ಲಿ ನಿಲ್ಲುವ ಬದಲು 16ನೇ ನಂಬರಿನ ಬಸ್ ಹಿಡಿಯಿರಿ. ಮೇಲೆ ಫಿಷರ್‌ಮನ್ಸ್ ಬ್ಯಾಸ್ಟಿಯನ್‌ನ ಕೆಳ ಜಗಲಿಗಳಿಗೆ ಟಿಕೆಟ್ಟಿಲ್ಲ, ನೋಟಕ್ಕೇನೂ ಕೊರತೆಯಿಲ್ಲ.

ಸಂಸತ್ ಭವನದ ಹತ್ತಿರ ಟ್ರಾಮ್ ಇಳಿದು ದಡಕ್ಕೆ ನಡೆಯಲೇಬೇಕು. ನೀರಿನ ಅಂಚಿನಲ್ಲಿ ಕಬ್ಬಿಣದ 60 ಜೊತೆ ಪಾದರಕ್ಷೆಗಳಿವೆ: ಗಂಡಸರ ಬೂಟು, ಹೆಂಗಸರ ಹಿಮ್ಮಡಿ ಚಪ್ಪಲಿ, ಮಕ್ಕಳ ಪುಟ್ಟ ಜೋಡು. 1944-45ರ ಚಳಿಗಾಲದಲ್ಲಿ ಹಂಗೆರಿಯ ಆ್ಯರೋ ಕ್ರಾಸ್ ಪಡೆಯವರು ಯಹೂದಿಗಳನ್ನು ಇಲ್ಲಿಗೆ ತಂದು, ಶೂ ಬಿಚ್ಚಿಸಿ, ಗುಂಡಿಟ್ಟು ನದಿಗೆ ಕೆಡವಿದರು. ಯುದ್ಧದ ಆ ಕಾಲದಲ್ಲಿ ಶೂಗಳಿಗೆ ಬೆಲೆಯಿತ್ತು. 2005ರಲ್ಲಿ ಇಟ್ಟ ಈ ಸ್ಮಾರಕಕ್ಕೆ ಬೇಲಿಯಿಲ್ಲ, ಕಾವಲಿಲ್ಲ. ಯಾರೋ ಹೂವಿಟ್ಟು ಹೋಗಿರುತ್ತಾರೆ. ಇಲ್ಲಿ ದಯವಿಟ್ಟು ಸೆಲ್ಫಿ ಬೇಡ.

ಹಸಿವಾದರೆ ಲಾಂಗೋಶ್. ನಮ್ಮ ಪೂರಿಯನ್ನು ತಟ್ಟೆಯಗಲಕ್ಕೆ ದಪ್ಪಗೆ ಕರಿದಂತಿರುವ ಇದರ ಮೇಲೆ ಬೆಳ್ಳುಳ್ಳಿ, ಹುಳಿ ಕ್ರೀಮ್, ತುರಿದ ಚೀಸ್ ಹಾಕಿಸಿಕೊಂಡರೆ ಸಸ್ಯಾಹಾರಿಗಳಿಗೂ ಒಂದು ಹೊತ್ತು ಕಳೆಯುತ್ತದೆ. 1897ರ ದೊಡ್ಡ ಮಾರುಕಟ್ಟೆಯಲ್ಲಿ ಹಣ್ಣು, ಬ್ರೆಡ್ಡು ಕೊಳ್ಳಲು ಕೆಳ ಅಂತಸ್ತೇ ಸರಿ. ಮೇಲಿನದು ಪ್ರವಾಸಿಗರ ದರ. ವಾರದ ದಿನಗಳಲ್ಲಿ ಅನೇಕ ಹೋಟೆಲುಗಳು ಮಧ್ಯಾಹ್ನಕ್ಕೆ ಕಡಿಮೆ ಬೆಲೆಯ ದಿನದೂಟ ಕೊಡುತ್ತವೆ. ರಾತ್ರಿಯ ಗದ್ದಲ ಬೇಕೆಂದರೆ ಕಾಜಿಂಸಿ ಬೀದಿಯ ಪಾಳು ಕಟ್ಟಡಗಳ ಪಬ್‌ಗಳಿವೆ.

ಹೀಗೆ ಉಳಿಸಿದ್ದನ್ನು ಸೇಚೆನಿ ಸ್ನಾನಗೃಹದಲ್ಲಿ ಧಾರಾಳವಾಗಿ ಖರ್ಚು ಮಾಡಿ. ಅಲ್ಲಿಗೆ ಒಯ್ಯುವ ಮೊದಲನೇ ಮೆಟ್ರೊ ಮಾರ್ಗ 1896ರದು. ಅದರ ಪುಟ್ಟ ನಿಲ್ದಾಣಗಳೇ ಒಂದು ಸೊಗಸು. ನೆಲದಾಳದಿಂದ ಉಕ್ಕುವ ಬಿಸಿನೀರಿನ ಬಯಲು ಕೊಳದಲ್ಲಿ, ಎದೆಮಟ್ಟ ಮುಳುಗಿ ಚದುರಂಗ ಆಡುವ ಹಿರಿಯರ ಪಕ್ಕದಲ್ಲಿ, ಅರ್ಧ ದಿನ ಸರಾಗವಾಗಿ ಸರಿಯುತ್ತದೆ. ವಾರಾಂತ್ಯಕ್ಕಿಂತ ವಾರದ ನಡುವೆ ದರ ಕಡಿಮೆ. ಟವೆಲ್ಲು, ಹವಾಯಿ ಚಪ್ಪಲಿ ಮನೆಯಿಂದಲೇ ಒಯ್ಯಿರಿ. ಅಲ್ಲಿ ಅದಕ್ಕೆ ಬೇರೆ ದುಡ್ಡು ತೆರಬೇಕು.