ಬಳುವಳಿಯ ನಂಬಿಕೆ, ಬಾಳಿನ ನಂಬಿಕೆ

ಜನಗಣತಿಯ ನಮೂನೆಯಲ್ಲಿ ಧರ್ಮಕ್ಕೆಂದು ಒಂದು ಅಂಕಣವಿರುತ್ತದೆ. ಯಜಮಾನನ ಧರ್ಮವೇ ಮನೆಮಂದಿಯೆಲ್ಲರ ಧರ್ಮವೆಂದು ಭಾವಿಸಿಕೊಳ್ಳಬಾರದು, ಪ್ರತಿಯೊಬ್ಬರ ಬಗ್ಗೆಯೂ ಪ್ರತ್ಯೇಕವಾಗಿ ವಿಚಾರಿಸಿ ಬರೆದುಕೊಳ್ಳಬೇಕು ಎಂಬುದು ಗಣತಿದಾರರಿಗೆ ನೀಡಲಾಗುವ ಸೂಚನೆ. ಆದರೆ ಆಡಳಿತ ಸೇವೆಯಲ್ಲಿದ್ದಾಗ ನಾನು ಕಂಡಂತೆ, ಹೆಚ್ಚಿನ ಮನೆಗಳಲ್ಲಿ ಆ ಪ್ರಶ್ನೆಗೆ ಯಜಮಾನನ ಒಂದು ಮಾತಿನಲ್ಲಿಯೇ ಉತ್ತರ ಮುಗಿದಿರುತ್ತದೆ. ಮಗ, ಸೊಸೆ, ಮೊಮ್ಮಕ್ಕಳು ಎಲ್ಲರೂ ಒಂದೇ ಸಾಲಿನಲ್ಲಿ ಸೇರಿಹೋಗುತ್ತಾರೆ. 2011ರ ಗಣತಿಯಲ್ಲಿ ದೇಶದಲ್ಲಿ ಸುಮಾರು 2.78 ಕೋಟಿ ಮಂದಿ, ಕರ್ನಾಟಕದಲ್ಲಿ 11 ಲಕ್ಷಕ್ಕೂ ಹೆಚ್ಚು ಮಂದಿ ಕ್ರೈಸ್ತರೆಂದು ದಾಖಲಾದರು. ಇವರಲ್ಲಿ ಎಷ್ಟು ಮಂದಿ ತಂದೆತಾಯಿಗಳು ಹೇಳಿಕೊಟ್ಟದ್ದನ್ನು ಒಪ್ಪಿಸುತ್ತಿದ್ದಾರೆ, ಎಷ್ಟು ಮಂದಿ ತಾವೇ ಅರಸಿ ಕಂಡುಕೊಂಡದ್ದನ್ನು ನಂಬುತ್ತಿದ್ದಾರೆ ಎಂಬುದನ್ನು ಯಾವ ಗಣತಿಯೂ ಹೇಳಲಾರದು. ಆ ಲೆಕ್ಕ ಸರ್ಕಾರಕ್ಕೆ ಬೇಕಾಗಿಯೂ ಇಲ್ಲ. ಆದರೆ ವಿಶ್ವಾಸಿಯೆನಿಸಿಕೊಂಡ ಪ್ರತಿಯೊಬ್ಬನೂ ಒಂದಲ್ಲ ಒಂದು ದಿನ ಆ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಳ್ಳಬೇಕಾಗುತ್ತದೆ.

ನಾನು ಹುಟ್ಟಿ ಬೆಳೆದದ್ದು ಧಾರವಾಡ ಸೀಮೆಯಲ್ಲಿ, ಬಾಸೆಲ್ ಮಿಷನ್ ಪರಂಪರೆಯ ಒಂದು ಕ್ರೈಸ್ತ ಮನೆತನದಲ್ಲಿ. ಸಂಜೆ ದೀಪ ಹಚ್ಚಿದ ಮೇಲೆ ತಂದೆಯವರು ಸತ್ಯವೇದದ ಒಂದು ಅಧ್ಯಾಯ ಓದುತ್ತಿದ್ದರು. ತಾಯಿಯವರು ಒಂದು ಗೀತೆಯನ್ನು ಎತ್ತಿಕೊಳ್ಳುತ್ತಿದ್ದರು. ಆಮೇಲೆ ಎಲ್ಲರೂ ಮೊಣಕಾಲೂರುತ್ತಿದ್ದೆವು. ಧರ್ಮಬೋಧೆಯ ಪ್ರಶ್ನೋತ್ತರಗಳು ಮಗ್ಗಿಯ ಜೊತೆಗೇ ಬಾಯಿಪಾಠವಾದವು. ಆ ಶಿಕ್ಷಣವನ್ನು ಹಗುರವಾಗಿ ಕಾಣುವ ಇಚ್ಛೆ ನನಗೆ ಎಳ್ಳಷ್ಟೂ ಇಲ್ಲ. ಸುಳ್ಳು ಹೇಳಲು ಅಳುಕು, ದುಡಿಮೆಯ ಬಗ್ಗೆ ಗೌರವ, ಗಂಭೀರವಾದ ಕನ್ನಡದ ಲಯ, ಈ ಮೂರನ್ನೂ ನಾನು ಪಡೆದದ್ದು ಆ ಸಂಜೆಗಳಿಂದಲೇ. ಆದರೂ ಅಲ್ಲಿ ಕಲಿತ ಉತ್ತರಗಳೆಲ್ಲವೂ ನಾನು ಕೇಳದೆ ಇದ್ದ ಪ್ರಶ್ನೆಗಳಿಗೆ ಸಂಬಂಧಿಸಿದವು. ನಾನು ಕೇಳಬೇಕಾಗಿದ್ದ ಪ್ರಶ್ನೆಗಳು ಬಹಳ ವರ್ಷಗಳ ನಂತರ ಎದುರಾದವು.

ಮನೆಯಲ್ಲಿ ಕಲಿತ ನಂಬಿಕೆಯೊಂದೇ ಸಾಲದು ಎಂಬ ತಿಳಿವಳಿಕೆ ಕ್ರೈಸ್ತ ಸಭೆಗೆ ಹೊಸದಲ್ಲ. ಶಿಶುವಿಗೆ ದೀಕ್ಷಾಸ್ನಾನ ಕೊಡುವ ಸಭೆಗಳಲ್ಲಿ ಮಗುವಿನ ಪರವಾಗಿ ಪ್ರಮಾಣ ಮಾಡುವವರು ಹೆತ್ತವರು ಮತ್ತು ಜ್ಞಾನ ಮಾತಾಪಿತೃಗಳು. ಆ ಮಗು ಬೆಳೆದು ತಿಳಿವಳಿಕೆಯ ವಯಸ್ಸಿಗೆ ಬಂದಾಗ ಸಭೆಯ ಮುಂದೆ ನಿಂತು ಆ ಪ್ರಮಾಣವನ್ನು ತನ್ನದೇ ಬಾಯಿಂದ ಹೇಳಬೇಕು. ಇದೇ ದೃಢೀಕರಣದ ಸಂಸ್ಕಾರ. ಬೇರೊಬ್ಬರು ನಮ್ಮ ಹೆಸರಿನಲ್ಲಿ ಬರೆದುಕೊಟ್ಟ ಪತ್ರಕ್ಕೆ ನಾವು ಪ್ರಾಯಕ್ಕೆ ಬಂದಮೇಲೆ ರುಜು ಹಾಕಿದ ಹಾಗೆ. ಅಪೊಸ್ತಲರ ವಿಶ್ವಾಸಪ್ರಮಾಣ ಆರಂಭವಾಗುವುದೂ ‘ನಾವು’ ಎಂದಲ್ಲ, ‘ನಾನು’ ಎಂದು. ಐದು ವರ್ಷದ ಮಗುವೂ ಅದನ್ನು ತಪ್ಪಿಲ್ಲದೆ ಒಪ್ಪಿಸಬಲ್ಲದು. ಆದರೆ ಆ ‘ನಾನು’ ಎಂಬುದಕ್ಕೆ ಅರ್ಥ ತುಂಬಲು ಅರ್ಧ ಆಯುಷ್ಯವೇ ಬೇಕಾದೀತು.

ಧರ್ಮಗ್ರಂಥವೂ ಈ ಎರಡು ಮೆಟ್ಟಿಲುಗಳನ್ನು ಬಲ್ಲದು. ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ ಪೌಲನು ಆ ಯುವಕನ ಅಜ್ಜಿಯನ್ನೂ ತಾಯಿಯನ್ನೂ ಹೆಸರಿಸಿ, ಮೊದಲು ಅವರಲ್ಲಿ ನೆಲೆಸಿದ್ದ ನಂಬಿಕೆಯನ್ನು ಸ್ಮರಿಸುತ್ತಾನೆ. ಆದರೆ ಅಷ್ಟಕ್ಕೇ ನಿಲ್ಲದೆ, ತಿಮೊಥೆಯನು ತನ್ನೊಳಗಿನ ವರವನ್ನು ತಾನೇ ಉರಿಯುವಂತೆ ಮಾಡಿಕೊಳ್ಳಬೇಕೆಂದು ಎಚ್ಚರಿಸುತ್ತಾನೆ. ಕೆಂಡ ಹಿರಿಯರದು, ಊದುವ ಉಸಿರು ಮಾತ್ರ ನಮ್ಮದೇ ಆಗಬೇಕು. ಯೋಹಾನನ ಸುವಾರ್ತೆಯಲ್ಲಿ, ಬಾವಿಕಟ್ಟೆಯಲ್ಲಿ ಯೇಸುವನ್ನು ಕಂಡ ಸಮಾರ್ಯದ ಹೆಂಗಸಿನ ಮಾತು ಕೇಳಿ ಊರಿನವರು ಬರುತ್ತಾರೆ. ಕಡೆಗೆ, ಈಗ ತಾವು ನಂಬುವುದು ಅವಳ ಮಾತಿನ ಮೇಲಲ್ಲ, ತಾವೇ ಕೇಳಿ ತಿಳಿದುಕೊಂಡದ್ದರಿಂದ ಎನ್ನುತ್ತಾರೆ. ಅವಳ ಮಾತಿಲ್ಲದಿದ್ದರೆ ಅವರು ಬಾವಿಯವರೆಗೆ ಬರುತ್ತಿರಲಿಲ್ಲ. ಅವಳ ಮಾತಿನಲ್ಲಿಯೇ ಉಳಿದಿದ್ದರೆ ಬಾವಿಯನ್ನು ಕಾಣುತ್ತಲೂ ಇರಲಿಲ್ಲ.

ನಮ್ಮ ನಾಡಿನ ಕ್ರೈಸ್ತ ಚರಿತ್ರೆಯಲ್ಲಿ ಇದಕ್ಕೊಂದು ವಿಚಿತ್ರವಾದ ದೃಷ್ಟಾಂತವಿದೆ. 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ನಿನ ಬೇರುಗಳಿದ್ದದ್ದು ದಕ್ಷಿಣ ಜರ್ಮನಿಯ ಪಯಟಿಸ್ಟ್ ಚಳವಳಿಯಲ್ಲಿ. ವಾಡಿಕೆಯಂತೆ ಚರ್ಚಿಗೆ ಹೋಗಿಬರುವುದು ವಿಶ್ವಾಸವಲ್ಲ, ಪ್ರತಿಯೊಬ್ಬನ ಹೃದಯವೂ ಸ್ವತಃ ಎಚ್ಚರಗೊಳ್ಳಬೇಕು ಎಂಬುದೇ ಆ ಚಳವಳಿಯ ಹಟ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಮಿಷನರಿಗಳು ಈ ಹಟವನ್ನು ತಮ್ಮೊಡನೆ ತಂದರು. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಫರ್ಡಿನಾಂಡ್ ಕಿಟ್ಟೆಲ್ ಇದೇ ಬಳಗದವರು. ಅವರ ಮಾತು ಕೇಳಿ ಕ್ರೈಸ್ತರಾದ ಮೊದಲ ತಲೆಮಾರಿನವರಲ್ಲಿ ಅನೇಕರು ಮನೆ, ಜಾತಿ, ಜಮೀನು, ಬಂಧುಬಳಗವನ್ನು ಕಳೆದುಕೊಂಡರು. ಹಾಗೆ ನಿರಾಶ್ರಿತರಾದವರಿಗೆ ಉದ್ಯೋಗ ಒದಗಿಸುವ ಅಗತ್ಯವೂ ಮಿಷನ್ನಿನ ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆಗಳ ಹಿಂದೆ ಇತ್ತು. ಅವರ ನಂಬಿಕೆಗೆ ಒಂದು ಬೆಲೆಯಿತ್ತು. ಆ ಬೆಲೆಯನ್ನು ಅವರೇ ತೆತ್ತಿದ್ದರು. ಮೂರನೆಯ, ನಾಲ್ಕನೆಯ ತಲೆಮಾರಿಗೆ ಬರುವ ಹೊತ್ತಿಗೆ ಅದೇ ನಂಬಿಕೆ ಶಾಲೆಯ ಪ್ರವೇಶಪತ್ರದಲ್ಲಿ, ಮದುವೆಯ ಮಾತುಕತೆಯಲ್ಲಿ, ಕ್ರಿಸ್ಮಸ್ಸಿನ ಹೊಸ ಬಟ್ಟೆಯಲ್ಲಿ ಸುಖವಾಗಿ ನೆಲೆಗೊಂಡಿತ್ತು. ವಾಡಿಕೆಯ ವಿರುದ್ಧ ಹುಟ್ಟಿದ್ದು ತಾನೇ ವಾಡಿಕೆಯಾಯಿತು. ಇದು ಕ್ರೈಸ್ತರಿಗಷ್ಟೇ ಒದಗಿದ ಗತಿಯೂ ಅಲ್ಲ. ಹುಟ್ಟಿನಿಂದ ಬಂದ ಜನಿವಾರವನ್ನು ನಿರಾಕರಿಸಿದನೆಂದು ನಾವು ಬಸವಣ್ಣನನ್ನು ಕೊಂಡಾಡುತ್ತೇವೆ. ಅವನ ಹೆಸರಿನಲ್ಲಿ ಹುಟ್ಟಿನಿಂದಲೇ ಗುರುತಿಸಿಕೊಳ್ಳುವುದನ್ನೂ ಕಲಿತಿದ್ದೇವೆ.

ನನ್ನ ಮಟ್ಟಿಗೆ ಪ್ರಶ್ನೆ ಎದುರಾದದ್ದು 2003ರ ಬರಗಾಲದಲ್ಲಿ. ಉತ್ತರ ಕರ್ನಾಟಕದ ತಾಲ್ಲೂಕೊಂದರಲ್ಲಿ ಪರಿಹಾರ ಕಾಮಗಾರಿಗಳ ಉಸ್ತುವಾರಿ ನನ್ನದಾಗಿತ್ತು. ಕೂಲಿ ಪಾವತಿ ತಡವಾದ ವಾರಗಳಲ್ಲಿ ಒಬ್ಬ ವೃದ್ಧ ಲಿಂಗಾಯತ ರೈತರು ತಮ್ಮ ಹಗೇವಿನ ಜೋಳವನ್ನು ತೆಗೆಸಿ, ಜಾತಿಮತ ಕೇಳದೆ ಕೂಲಿಕಾರರ ಮನೆಗಳಿಗೆ ಅಳೆಯಿಸಿಕೊಟ್ಟರು. ಮೇಲಿನವರಿಗೆ ಕಳಿಸುವ ವರದಿಯಲ್ಲಿ ಅವರನ್ನು ಪ್ರಶಂಸಿಸಬೇಕೆಂದು ಹೆಸರು ಕೇಳಿದಾಗ ಅವರು, ‘ಹಸದವ್ರಿಗೆ ಉಣ್ಣಾಕ ಕೊಟ್ಟಿದ್ದಕ್ಕ ಹೆಸರು ಯಾಕ್ರಿ ಸಾಹೇಬ್ರ?’ ಎಂದು ಎದ್ದು ಹೋದರು. ಕ್ರಿಸ್ತನನ್ನು ಅರಿಯದವರಿಗೆ ರಕ್ಷಣೆಯಿಲ್ಲ ಎಂಬ ಉತ್ತರ ನನಗೆ ಬಾಯಿಪಾಠವಾಗಿತ್ತು. ಆ ಉತ್ತರವನ್ನು ಈ ಮನುಷ್ಯನ ಪಕ್ಕದಲ್ಲಿಟ್ಟು ನೋಡಿದಾಗ ಅದು ನಿಲ್ಲಲಿಲ್ಲ.

ಆ ದಿನಗಳಲ್ಲಿ ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯವನ್ನು ನಾನು ಹೊಸದಾಗಿ ಓದಿದೆ. ಕಡೆಯ ತೀರ್ಪಿನ ಆ ಚಿತ್ರದಲ್ಲಿ ಹಸಿದವರಿಗೆ ಅನ್ನವನ್ನೂ ಬಾಯಾರಿದವರಿಗೆ ನೀರನ್ನೂ ಕೊಟ್ಟವರು ಅರಸನ ಬಲಗಡೆಯಲ್ಲಿದ್ದಾರೆ. ತಾವು ಉಪಚರಿಸಿದ್ದು ಅವನನ್ನೇ ಎಂಬುದು ಅವರಿಗೆ ತಿಳಿದೇ ಇರಲಿಲ್ಲ; ಅದನ್ನು ಕೇಳಿ ಅವರೇ ಅಚ್ಚರಿಪಡುತ್ತಾರೆ. ಬಾಲ್ಯದಿಂದ ಎಷ್ಟೋ ಬಾರಿ ಕೇಳಿದ್ದ ಭಾಗವದು. ಆದರೆ ಆ ಅಚ್ಚರಿ ನನ್ನ ಕಣ್ಣಿಗೆ ಬಿದ್ದದ್ದು ಆಗಲೇ. ಕ್ರಿಸ್ತನ ಕೃಪೆ ನಮ್ಮ ಸಭೆಯ ನೋಂದಣಿ ಪುಸ್ತಕಕ್ಕಿಂತ ದೊಡ್ಡದು ಎಂಬ ನಂಬಿಕೆ ನನ್ನದಾದದ್ದು ಹೀಗೆ. ಕ್ರಿಸ್ತನಿಂದ ದೂರ ಸರಿದು ನಾನು ಇಲ್ಲಿಗೆ ಬರಲಿಲ್ಲ, ಅವನ ಮಾತಿನ ಹತ್ತಿರಕ್ಕೆ ಸರಿದು ಬಂದೆ.

ಇದನ್ನು ತಂದೆಯವರಿಗೆ ಹೇಳಿದಾಗ ಅವರಿಗೆ ನೋವಾಯಿತು. ‘ನಾನು ನಿನಗೆ ಕಲಿಸಿದ್ದು ಇದಲ್ಲ’ ಎಂದರು. ‘ನೀವು ಕಲಿಸಿದ ಪುಸ್ತಕದಲ್ಲಿಯೇ ಇದೆಯಲ್ಲ ಅಪ್ಪಾ’ ಎಂದೆ. ನಂಬಿಕೆಯಿಂದಲೇ ರಕ್ಷಣೆ, ಪುಣ್ಯಕಾರ್ಯಗಳಿಂದಲ್ಲ ಎಂಬ ಲೂಥರನ ಬೋಧೆಯನ್ನು ಅವರು ನನಗೆ ಮತ್ತೆ ವಿವರಿಸಿದರು. ಅದರ ತೂಕವನ್ನು ನಾನೂ ಬಲ್ಲೆ. ಬಹಳ ದಿನ ಆ ವಿಷಯ ನಮ್ಮಿಬ್ಬರ ನಡುವೆ ಬರಲಿಲ್ಲ. ಕಡೆಯ ವರ್ಷಗಳಲ್ಲಿ ಕಣ್ಣು ಮಂಜಾಗಿ ತಾವೇ ಓದಲಾರದೆ ಹೋದಾಗ, ಒಂದು ಸಂಜೆ ಅವರೇ ನನಗೆ ಆ ಅಧ್ಯಾಯವನ್ನು ಓದಲು ಹೇಳಿದರು. ಕೇಳಿ ಸುಮ್ಮನಾದರು. ಅವರು ನನ್ನ ಅರ್ಥವನ್ನು ಒಪ್ಪಿದರೆಂದು ನಾನು ಹೇಳಲಾರೆ. ಒಂದೇ ಪುಸ್ತಕದ ಮುಂದೆ ಇಬ್ಬರೂ ಕುಳಿತಿದ್ದೆವು ಎಂದಷ್ಟೇ ಹೇಳಬಲ್ಲೆ.

ಈ ಹಾದಿಯಲ್ಲಿ ನನಗಿಂತ ಮುಂಚೆ ನಡೆದವರಿದ್ದಾರೆ ಎಂಬುದು ದೊಡ್ಡ ಸಮಾಧಾನ. ಉತ್ತಂಗಿ ಚೆನ್ನಪ್ಪನವರು 1881ರಲ್ಲಿ ಧಾರವಾಡದಲ್ಲಿ ಕ್ರೈಸ್ತ ಮನೆತನದಲ್ಲಿ ಜನಿಸಿ, ಬಾಸೆಲ್ ಮಿಷನ್ನಿನಲ್ಲಿ ಪಾದ್ರಿಯಾಗಿ ಸೇವೆ ಸಲ್ಲಿಸಿದವರು. ಊರೂರು ಅಲೆದು ಸರ್ವಜ್ಞನ ವಚನಗಳನ್ನು ಕಲೆಹಾಕಿ 1924ರಲ್ಲಿ ಪ್ರಕಟಿಸಿದವರೂ ಅವರೇ. ಶಿವಶರಣರ ವಚನಗಳನ್ನು ಸಂಪಾದಿಸಿದರು, ಅನುಭವ ಮಂಟಪದ ಐತಿಹಾಸಿಕತೆಯನ್ನು ಸಮರ್ಥಿಸಿ ಗ್ರಂಥ ಬರೆದರು. 1949ರ ಕಲಬುರ್ಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಅವರ ಕೃತಿಯ ಹೆಸರನ್ನೇ ನೋಡಿ: ಅಲ್ಲಿ ಇರುವುದು ಆಜ್ಞೆಯಲ್ಲ, ವಿನಂತಿ. ಕ್ರಿಸ್ತನಲ್ಲಿಟ್ಟ ನಿಷ್ಠೆ ಅವರನ್ನು ಸರ್ವಜ್ಞನಿಂದ ದೂರ ಮಾಡಲಿಲ್ಲ. ಸರ್ವಜ್ಞನ ಮೇಲಿನ ಪ್ರೀತಿ ಅವರನ್ನು ಕ್ರಿಸ್ತನಿಂದ ದೂರ ಮಾಡಲಿಲ್ಲ. ಕನ್ನಡದ ಕ್ರೈಸ್ತನೊಬ್ಬ ತನ್ನ ನಂಬಿಕೆಯನ್ನು ತನ್ನ ನೆಲದಲ್ಲಿಯೇ ಬೆಳೆದುಕೊಳ್ಳಬಹುದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ನನಗೆ ಗೊತ್ತಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಹತ್ತಿರವಾದ ಇನ್ನೊಬ್ಬರು ಜೆ.ಸಿ. ಕುಮಾರಪ್ಪ. 1892ರಲ್ಲಿ ತಂಜಾವೂರಿನ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದ ಅವರು ಲಂಡನ್ನಿನಲ್ಲಿ ಲೆಕ್ಕಪರಿಶೋಧನೆಯನ್ನೂ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರವನ್ನೂ ಅಭ್ಯಸಿಸಿದರು. ಸಾರ್ವಜನಿಕ ಹಣಕಾಸಿನ ಅಧ್ಯಯನದಲ್ಲಿ, ಬ್ರಿಟಿಷರ ತೆರಿಗೆ ಮತ್ತು ವೆಚ್ಚದ ನೀತಿ ಭಾರತದ ಬಡತನಕ್ಕೆ ಹೇಗೆ ಕಾರಣವಾಯಿತೆಂಬುದು ಅವರಿಗೆ ಮನವರಿಕೆಯಾಯಿತು. 1929ರಲ್ಲಿ ಗಾಂಧೀಜಿಯನ್ನು ಕಂಡರು. ಕಾರ್ನೇಲಿಯಸ್ ಎಂಬ ಹೆಸರನ್ನು ಬಿಟ್ಟು ಪೂರ್ವಜರ ಕುಮಾರಪ್ಪ ಎಂಬ ಹೆಸರನ್ನು ತಳೆದರು. ಬದುಕನ್ನು ಗ್ರಾಮೋದ್ಯೋಗಕ್ಕೆ ಮುಡಿಪಾಗಿಟ್ಟರು. ಕ್ವಿಟ್ ಇಂಡಿಯಾ ಕಾಲದ ಸೆರೆವಾಸದಲ್ಲಿ ಅವರು ಬರೆದ ಎರಡು ಪುಸ್ತಕಗಳಲ್ಲಿ ಒಂದು ಶಾಶ್ವತತೆಯ ಅರ್ಥವ್ಯವಸ್ಥೆಯನ್ನು ಕುರಿತದ್ದು, ಇನ್ನೊಂದು ಯೇಸುವಿನ ಆಚರಣೆ ಮತ್ತು ಬೋಧನೆಯನ್ನು ಕುರಿತದ್ದು. ಎರಡನೆಯದರ ಶೀರ್ಷಿಕೆಯಲ್ಲಿ ಆಚರಣೆ ಮೊದಲು, ಬೋಧನೆ ಆನಂತರ. ತಂದೆತಾಯಿಗಳು ಕೊಟ್ಟ ಕ್ರಿಸ್ತನನ್ನು ಅವರು ಕೈಬಿಡಲಿಲ್ಲ. ಆದರೆ ಕ್ರಿಸ್ತನಿಗೂ ಸಾಮ್ರಾಜ್ಯಕ್ಕೂ ಇದ್ದ ನಂಟನ್ನು ಕಡಿದುಹಾಕಿದರು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸ್ವಂತ ನಂಬಿಕೆಯೆಂದರೆ ಮನಸ್ಸಿಗೆ ಹಿತವಾದದ್ದನ್ನು ಆರಿಸಿಕೊಂಡು ಉಳಿದದ್ದನ್ನು ಬಿಡುವುದಲ್ಲ. ಇಂದಿನ ಮಹಾನಗರದಲ್ಲಿ ಪ್ರಸಂಗಗಳಿಗೂ ಒಂದು ಮಾರುಕಟ್ಟೆಯಿದೆ. ಒಂದು ಸಭೆಯ ಸಂಗೀತ ರುಚಿಸದಿದ್ದರೆ ಇನ್ನೊಂದಿದೆ. ಅದೂ ಬೇಡವಾದರೆ ಮೊಬೈಲಿನಲ್ಲಿ ಮೂರನೆಯದಿದೆ. ಗ್ರಾಹಕನೇ ಸಾರ್ವಭೌಮ ಎಂಬ ತತ್ತ್ವ ಪೇಟೆಗೆ ಸರಿ, ಪ್ರಾರ್ಥನೆಗೆ ಸರಿಯಲ್ಲ. ನಂಬಿಕೆ ನಿಜವಾಗಿಯೂ ನಮ್ಮದಾಗಿದೆಯೇ ಎಂದು ತಿಳಿಯಲು ನಾನು ಎರಡೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಅದಕ್ಕಾಗಿ ನಾನು ಏನನ್ನಾದರೂ ಬಿಟ್ಟುಕೊಟ್ಟಿದ್ದೇನೆಯೇ? ಅದರಿಂದ ನನ್ನ ನೆರೆಯವನಿಗೆ ಏನಾದರೂ ದೊರಕಿದೆಯೇ? ಎರಡಕ್ಕೂ ಇಲ್ಲವೆಂಬುದೇ ಉತ್ತರವಾದರೆ, ತಂದೆಯ ನಂಬಿಕೆಯನ್ನು ಬಿಟ್ಟು ನಾನು ಗಳಿಸಿದ್ದು ಬರಿಯ ಅಭಿರುಚಿಯನ್ನು.

ಹಾಗೆಂದು ಹಿರಿಯರು ಸಂದೇಹಕ್ಕೆ ಬಾಗಿಲು ಮುಚ್ಚಬಾರದು. ದೃಢೀಕರಣದ ತರಗತಿಗಳಲ್ಲಿ ಇಂದಿಗೂ ಹುಡುಗರಿಗೆ ಉತ್ತರಗಳನ್ನು ಕಲಿಸುವ ಉತ್ಸಾಹ ಹೆಚ್ಚು. ಅವರ ಪ್ರಶ್ನೆಗಳನ್ನು ಕೇಳಿಸಿಕೊಳ್ಳುವ ತಾಳ್ಮೆ ಕಡಿಮೆ. ಪುನರುತ್ಥಾನದ ಸುದ್ದಿಯನ್ನು ತೋಮನು ಒಡನೆಯೇ ನಂಬಲಿಲ್ಲವೆಂದು ಅವನನ್ನು ಶಿಷ್ಯರ ಗುಂಪಿನಿಂದ ಹೊರಹಾಕಲಿಲ್ಲ. ಎಂಟು ದಿನಗಳ ನಂತರ ಅವನು ಅವರೊಡನೆಯೇ ಇದ್ದ ಎಂಬುದನ್ನು ನಾವು ಗಮನಿಸುವುದಿಲ್ಲ. ಪ್ರಶ್ನೆ ಕೇಳಿದ ಮಗನನ್ನು ಅವಿಶ್ವಾಸಿಯೆಂದು ಜರೆದರೆ ಅವನು ಪ್ರಶ್ನೆಯನ್ನು ಬಿಡುವುದಿಲ್ಲ, ಸಭೆಯನ್ನು ಬಿಡುತ್ತಾನೆ. ಮತಾಂತರದ ಹೆಸರಿನಲ್ಲಿ ಬಿಸಿಬಿಸಿ ವಾದಗಳಾಗುವ ಈ ಕಾಲದಲ್ಲಿ ಅಲ್ಪಸಂಖ್ಯಾತ ಸಮುದಾಯವೊಂದು ತನ್ನ ಮಕ್ಕಳನ್ನು ಗೋಡೆಯೊಳಗೆ ಇಟ್ಟುಕೊಳ್ಳಲು ಬಯಸುವುದು ಸಹಜ. ಆದರೆ ಸಂವಿಧಾನದ 25ನೆಯ ವಿಧಿ ಮೊದಲು ಹೆಸರಿಸುವುದು ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು. ಆ ಸ್ವಾತಂತ್ರ್ಯವನ್ನು ಸರ್ಕಾರದಿಂದ ಕೇಳುವ ನಾವು, ಅದನ್ನು ನಮ್ಮ ಮನೆಯ ಮಕ್ಕಳಿಗೆ ನಿರಾಕರಿಸುವುದು ನ್ಯಾಯವಲ್ಲ.

ಈಗ ನನ್ನ ಮಗಳು ನನ್ನ ನಂಬಿಕೆಯನ್ನು ಇದೇ ಬಗೆಯ ಪರೀಕ್ಷೆಗೆ ಒಡ್ಡುತ್ತಿದ್ದಾಳೆ. ಕೃಪೆಯ ಬಗ್ಗೆ ಇಷ್ಟು ಉದಾರವಾಗಿ ಮಾತನಾಡುವ ನೀವು ಸಭೆಯೊಳಗಿನ ಜಾತಿಯ ಬಗ್ಗೆ ಏಕೆ ಇಷ್ಟು ಮೆಲ್ಲಗೆ ಮಾತನಾಡುತ್ತೀರಿ ಎಂದು ಕೇಳುತ್ತಾಳೆ. ಮದುವೆಯ ಮಾತು ಬಂದಾಗ ಅಜ್ಜಂದಿರು ಬಿಟ್ಟುಬಂದ ಜಾತಿಯನ್ನು ಮೊಮ್ಮಕ್ಕಳು ಹುಡುಕಿ ತೆಗೆಯುವುದನ್ನು ಅವಳು ಕಣ್ಣಾರೆ ಕಂಡಿದ್ದಾಳೆ. ಅವಳ ಪ್ರಶ್ನೆಗೆ ನನ್ನ ಬಳಿ ಬಾಯಿಪಾಠದ ಉತ್ತರವಿಲ್ಲ. ಅವಳು ನನ್ನನ್ನು ದಾಟಿ ಹೋಗುವುದಾದರೆ, ಹಸಿದವರ ಮತ್ತು ಹೊರಗಿಡಲ್ಪಟ್ಟವರ ದಿಕ್ಕಿನಲ್ಲಿಯೇ ದಾಟಿ ಹೋಗಲಿ ಎಂಬುದು ನನ್ನ ಪ್ರಾರ್ಥನೆ. ಆ ದಿಕ್ಕಿನಲ್ಲಿ ಹೋದವರು ಕ್ರಿಸ್ತನನ್ನು ಕಳೆದುಕೊಂಡದ್ದನ್ನು ನಾನು ಕಂಡಿಲ್ಲ.