ಒಂದೇ ಪ್ರತಿ, ಹಲವು ಮನೆ

ನಮ್ಮ ವಾಚನಾಲಯಕ್ಕೆ ಬರುವ ತರುಣರಲ್ಲಿ ಕೆಲವರು ದೊಡ್ಡ ಕಟ್ಟಡಗಳಿಗೆ ಇಂಟರ್‌ನೆಟ್ ಹಾಗೂ ಟಿ.ವಿ. ತಂತಿ ಎಳೆಯುವ ಕೆಲಸದಲ್ಲಿದ್ದಾರೆ. ತಂತಿ ಎಳೆಯುವವನಿಗಿಂತ ಸ್ವಿಚ್ಚನ್ನು ಅಣಿಗೊಳಿಸಬಲ್ಲವನಿಗೆ ಬೆಲೆ ಹೆಚ್ಚು. ಆದುದರಿಂದ ಆ ವಿದ್ಯೆಯ ಒಂದು ಭಾಗವನ್ನು ಇಲ್ಲಿ ವಿವರಿಸುತ್ತೇನೆ.

ಸ್ವಿಚ್ ಎಂದರೆ ಅನೇಕ ಪೋರ್ಟುಗಳುಳ್ಳ ಪೆಟ್ಟಿಗೆ. ಆ ಒಂದೇ ಪೆಟ್ಟಿಗೆಯೊಳಗೆ ಬೇರೆ ಬೇರೆ ಜಾಲಗಳನ್ನು ವಿಂಗಡಿಸಬಹುದು. ಅಂಥ ಒಂದೊಂದು ಜಾಲಕ್ಕೂ ವಿ-ಲ್ಯಾನ್ ಎಂದು ಹೆಸರು. 1ರಿಂದ 4094ರ ವರೆಗೆ ಅದಕ್ಕೆ ಸಂಖ್ಯೆ ಕೊಡುತ್ತಾರೆ. ಒಂದು ಮನೆಯ ವ್ಯವಹಾರ ನೆರೆಮನೆಗೆ ಕಾಣಬಾರದೆಂದು ಮನೆಗೊಂದು ವಿ-ಲ್ಯಾನ್ ಕೊಡುವುದುಂಟು.

ತೊಡಕು ಇಲ್ಲಿಯೇ. 20 ಮನೆಯವರು ಒಂದೇ ವಾಹಿನಿಯನ್ನು ನೋಡುತ್ತಿದ್ದಾರೆ, ಅದಕ್ಕೆ ಸೆಕೆಂಡಿಗೆ 4 ಮೆಗಾಬಿಟ್ ಬೇಕು ಎಂದಿಟ್ಟುಕೊಳ್ಳಿ. ವಿ-ಲ್ಯಾನಿಗೊಂದರಂತೆ ರೌಟರು 20 ಪ್ರತಿ ಮಾಡಿ, ಒಂದೇ ತಂತಿಯ ಮೇಲೆ 80 ಮೆಗಾಬಿಟ್ ಕಳಿಸಬೇಕಾಗುತ್ತದೆ. ಮಿಲ್ಲಿನ ಹೆಡ್ಡಾಫೀಸು ಒಂದೇ ನೋಟೀಸನ್ನು 20 ಲಕೋಟೆಯಲ್ಲಿ ಕಳಿಸಿದ ಹಾಗಾಯಿತು. ಒಂದನ್ನೇ ಕಳಿಸಿ, ಕೇಳಿದ ಖಾತೆಗೆ ಗೇಟಿನಲ್ಲಿ ನಕಲು ಕೊಟ್ಟರೆ ಸಾಲದೆ? ಸ್ವಿಚ್ಚಿನಲ್ಲಿ ಈ ಏರ್ಪಾಡಿಗೆ ಎಂ.ವಿ.ಆರ್. ಎನ್ನುತ್ತಾರೆ. ಆಗ ಮೇಲಿನಿಂದ ಬರುವುದು 4 ಮೆಗಾಬಿಟ್ ಮಾತ್ರ.

ಸಿಸ್ಕೋ ಕಂಪನಿಯ ಹಳೆಯ ಕ್ಯಾಟಲಿಸ್ಟ್ ಸ್ವಿಚ್ಚುಗಳಲ್ಲಿ ಕ್ರಮ ಹೀಗಿದೆ:

1. ಎಂ.ವಿ.ಆರ್. ಅನ್ನು ಚಾಲೂ ಮಾಡಿ, ಟಿ.ವಿ.ಗೆಂದೇ ಒಂದು ವಿ-ಲ್ಯಾನ್ ಮೀಸಲಿಡಿ, 100 ಎನ್ನೋಣ.
2. ವಾಹಿನಿಯ ಗುಂಪು ವಿಳಾಸವನ್ನು ನಮೂದಿಸಿ, ಉದಾಹರಣೆಗೆ 239.1.1.1.
3. ರೌಟರಿನ ಕಡೆಯ ಪೋರ್ಟನ್ನು 100ಕ್ಕೆ ಸೇರಿಸಿ, ‘ಸೋರ್ಸ್’ ಎಂದು ಗುರುತಿಸಿ.
4. ಮನೆಗಳ ಪೋರ್ಟುಗಳನ್ನು ‘ರಿಸೀವರ್’ ಎಂದು ಗುರುತಿಸಿ. ಅವು ತಮ್ಮ ತಮ್ಮ ವಿ-ಲ್ಯಾನಿನಲ್ಲೇ ಇರಲಿ, 100ಕ್ಕೆ ಸೇರಿಸಕೂಡದು.

ಮನೆಯ ಟಿ.ವಿ. ಪೆಟ್ಟಿಗೆ ‘ಈ ವಾಹಿನಿ ಬೇಕು’ ಎಂದು ಐ.ಜಿ.ಎಂ.ಪಿ. ಎಂಬ ಸಂದೇಶ ಕಳಿಸುತ್ತದೆ. ಸ್ವಿಚ್ಚು ಅದನ್ನು ನೋಡಿ, ಆ ಪೋರ್ಟಿಗೆ ಮಾತ್ರ ನಕಲು ಬಿಡುತ್ತದೆ. ಮನೆಮನೆಗಳ ನಡುವಿನ ಗೋಡೆ ಇದ್ದಂತೆಯೇ ಇರುತ್ತದೆ.

ಮೂರು ಕಡೆ ಎಚ್ಚರ ಬೇಕು. ಮೊದಲನೆಯದು, ರೂಢಿಯ ‘ಕಂಪ್ಯಾಟಿಬಲ್’ ರೀತಿಯಲ್ಲಿ ಮನೆಗಳ ಕೋರಿಕೆ ರೌಟರಿಗೆ ಮುಟ್ಟುವುದಿಲ್ಲ. ವಾಹಿನಿಯನ್ನು ಸದಾ ಕಳಿಸುವಂತೆ ರೌಟರಿಗೇ ಹೇಳಿರಬೇಕು. ಇಲ್ಲವೇ ‘ಡೈನಮಿಕ್’ ರೀತಿ ಆರಿಸಬೇಕು. ಎರಡನೆಯದು, ‘ಇಮ್ಮೀಡಿಯೇಟ್’ ಎಂದು ಕೊಟ್ಟರೆ, ಬೇಡವೆಂದ ಕೂಡಲೇ ಸ್ವಿಚ್ಚು ಯಾರನ್ನೂ ಕೇಳದೆ ನಿಲ್ಲಿಸಿಬಿಡುತ್ತದೆ. ಒಂದೇ ಪೋರ್ಟಿಗೆ ಎರಡು ಟಿ.ವಿ. ಇದ್ದರೆ, ಮಗ ವಾಹಿನಿ ಬದಲಿಸಿದಾಗ ಅಜ್ಜಿಯ ಚಿತ್ರವೂ ನಿಂತೀತು! ಒಂದೇ ಟಿ.ವಿ. ಇರುವಲ್ಲಿ ಮಾತ್ರ ಅದನ್ನು ಬಳಸಿ. ಮೂರನೆಯದು, ತಂತಿಯ ಮೇಲೆ 32 ಗುಂಪು ವಿಳಾಸಗಳಿಗೆ ಒಂದೇ ಮ್ಯಾಕ್ ವಿಳಾಸ ಬರುತ್ತದೆ. 239.1.1.1 ಮತ್ತು 239.129.1.1 ಅಂಥ ಜೋಡಿ. ಇಂಥವನ್ನು ಎರಡು ವಾಹಿನಿಗಳಿಗೆ ಕೊಡಬೇಡಿ.

ಕೊನೆಗೆ ‘ಶೋ ಎಂ.ವಿ.ಆರ್. ಮೆಂಬರ್ಸ್’ ಎಂಬ ಆಜ್ಞೆ ಕೊಟ್ಟು, ಯಾವ ಪೋರ್ಟು ಯಾವ ಗುಂಪಿನಲ್ಲಿದೆ ಎಂದು ತಾಳೆ ನೋಡಿ. ದೂರು ಬಂದಾಗ ತಂತಿಯನ್ನೇ ಬದಲಿಸುತ್ತ ಕೂರುವವರು ಬಹಳ. ಕಾರಣ ಬಲ್ಲವನು ಒಂದು ಸಾಲು ತಿದ್ದಿ ಮನೆಗೆ ಹೋಗುತ್ತಾನೆ.